ಯಾವ ವಾರಕ್ಕೆ ಯಾವ ಸ್ಕ್ಯಾನ್? ಬಸುರಿಯರ ಪ್ರಶ್ನೆಗಳಿಗೆ ಉತ್ತರ

ಗರ್ಭಿಣಿಯರ ಸ್ಕ್ಯಾನಿಂಗ್ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ನನಗೆ ಮುಟ್ಟು 40 ದಿನಕ್ಕೊಮ್ಮೆ. ಕೊನೆಯ ಮುಟ್ಟು ಮಾರ್ಚ್ 10ಕ್ಕೆ. ಆ ಲೆಕ್ಕದಲ್ಲಿ ಹೆರಿಗೆ ಡಿಸೆಂಬರ್ 15. ಎರಡನೇ ತಿಂಗಳ ಸ್ಕ್ಯಾನಿನಲ್ಲಿ ಡಿಸೆಂಬರ್ 25 ಎಂದು ಬಂತು, ಎಂಟನೇ ತಿಂಗಳಲ್ಲಿ ಮಾಡಿಸಿದ್ದರಲ್ಲಿ ಜನವರಿ 6 ಎಂದಿದೆ. ಯಾವುದನ್ನು ನಂಬಲಿ?
— ಗೃಹಿಣಿ, ಹಾವೇರಿ

ಉತ್ತರ: ಡಿಸೆಂಬರ್ 25. ಮುಟ್ಟಿನ ಲೆಕ್ಕಕ್ಕೆ 280 ದಿನ ಕೂಡಿಸುವಾಗ ಮುಟ್ಟು 28 ದಿನಕ್ಕೊಮ್ಮೆ ಆಗುತ್ತದೆ, ಅಂಡ 14ನೇ ದಿನದ ಹೊತ್ತಿಗೆ ಬಿಡುಗಡೆಯಾಗುತ್ತದೆ ಎಂದು ಹಿಡಿದಿರುತ್ತಾರೆ. ನಿಮ್ಮಲ್ಲಿ ಅದು ಸುಮಾರು 26ನೇ ದಿನಕ್ಕೆ ಆಗಿರಬೇಕು. ಮೊದಲ ಸ್ಕ್ಯಾನ್ ಹತ್ತು ದಿನ ಮುಂದೆ ತೋರಿಸಿದ್ದು ಇದಕ್ಕೆ ಸರಿಯಾಗಿಯೇ ಇದೆ.

ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಗ ನೆತ್ತಿಯಿಂದ ಕುಂಡಿಯವರೆಗಿನ ಉದ್ದ ಅಳೆದರೆ ದಿನಾಂಕ ಐದರಿಂದ ಏಳು ದಿನದೊಳಗೆ ಸಿಗುತ್ತದೆ. ಎಂಟನೇ ತಿಂಗಳಲ್ಲಿ ಇದೇ ಲೆಕ್ಕ ಮೂರು ವಾರದಷ್ಟು ಹಿಂದೆಮುಂದೆ ಆಗಬಹುದು. ಯಂತ್ರ ಪ್ರತಿ ಸಲವೂ ಅಂದಿನ ಅಳತೆ ಹಿಡಿದು ಹೊಸ ದಿನಾಂಕ ಅಚ್ಚು ಹಾಕುತ್ತದೆ. ಮಗು ಅಂದು ಎಷ್ಟು ವಾರದ ಸರಾಸರಿ ಮಗುವಿನಷ್ಟಿದೆ ಎಂಬುದು ಮಾತ್ರ ಅದರ ಅರ್ಥ, ಹೆರಿಗೆ ಮುಂದೆ ಹೋಯಿತೆಂದಲ್ಲ.

ಇಲ್ಲಿ ಒಂದು ಅಪಾಯವಿದೆ. ಜನವರಿ 6ನ್ನೇ ಹಿಡಿದರೆ, ಬೆಳವಣಿಗೆ ಕುಂಠಿತವಾದ ಮಗುವೂ 'ವಾರಕ್ಕೆ ಸರಿಯಾಗಿದೆ' ಎಂದು ಕಾಣುತ್ತದೆ, ತೊಂದರೆ ಮುಚ್ಚಿಹೋಗುತ್ತದೆ. ಆದ್ದರಿಂದ ಡಿಸೆಂಬರ್ 25ರ ಲೆಕ್ಕದಲ್ಲೇ ಹೊಟ್ಟೆಯ ಸುತ್ತಳತೆ ಮತ್ತು ತೂಕವನ್ನು ಹೋಲಿಸಿ ನೋಡಲು ವೈದ್ಯರನ್ನು ಕೇಳಿ. ಅಳತೆ ಕಡಿಮೆ ಎನಿಸಿದರೆ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ, ಎರಡು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಅದಕ್ಕಿಂತ ಬೇಗ ಅಳೆದರೆ ಬೆಳವಣಿಗೆ ಯಾವುದು, ಅಳತೆಯ ತಪ್ಪು ಯಾವುದು ಎಂದು ತಿಳಿಯುವುದಿಲ್ಲ. ತೂಕದ ಅಂದಾಜಿನಲ್ಲೇ ಶೇಕಡಾ 10ರಿಂದ 15ರಷ್ಟು ವ್ಯತ್ಯಾಸ ಸಹಜ. 2.5 ಕಿಲೋ ಎಂದು ಬರೆದಿದ್ದರೆ 2.2 ಇರಬಹುದು, 2.8 ಕೂಡ ಇರಬಹುದು. ಮೊದಲ ಸ್ಕ್ಯಾನಿನ ವರದಿಯನ್ನು ತಾಯಿ ಕಾರ್ಡಿನೊಳಗೇ ಇಟ್ಟುಕೊಂಡು ಪ್ರತಿ ಸಲ ತೋರಿಸಿ.

ಪ್ರಶ್ನೆ: ಖರ್ಚು ಕಷ್ಟ. ಒಂದೆರಡೇ ಸ್ಕ್ಯಾನ್ ಸಾಧ್ಯವಾದರೆ ಯಾವುದನ್ನು ಬಿಡಬಾರದು? ನೀರು ಕುಡಿದೇ ಹೋಗಬೇಕೆ?
— ಓದುಗರು, ಯಾದಗಿರಿ

ಉತ್ತರ: 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನನ್ನು ಬಿಡಲೇಬೇಡಿ. ಹೃದಯದ ನಾಲ್ಕು ಕೋಣೆ, ಮಿದುಳು, ಬೆನ್ನುಹುರಿ, ಮೂತ್ರಪಿಂಡ, ತುಟಿ, ಕೈಕಾಲು ಎಲ್ಲವನ್ನೂ ಒಂದೊಂದಾಗಿ ನೋಡುವುದು ಆಗಲೇ. ಅದಕ್ಕಿಂತ ಮೊದಲು ಹೃದಯ ತೀರಾ ಚಿಕ್ಕದು. ತಡವಾದರೆ ಗಟ್ಟಿಯಾದ ಮೂಳೆಗಳ ನೆರಳು ಅಡ್ಡ ಬರುತ್ತದೆ, ಜೊತೆಗೆ ಕಾನೂನಿನ ಗಡುವೂ ಹತ್ತಿರವಾಗುತ್ತದೆ: ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಮೇಲೆ ಮಗುವಿಗೆ ಗಂಭೀರ ನ್ಯೂನತೆ ಇದ್ದರೂ ಗರ್ಭಪಾತಕ್ಕೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು. ಮಗು ಬೆನ್ನು ತಿರುಗಿಸಿ ಮಲಗಿದ್ದರೆ 'ಸ್ವಲ್ಪ ಓಡಾಡಿ ಬನ್ನಿ' ಎನ್ನುತ್ತಾರೆ, ಗಾಬರಿ ಬೇಡ.

ಎರಡನೆಯದು 11 ವಾರದಿಂದ 13 ವಾರ 6 ದಿನದೊಳಗಿನ ಎನ್‌ಟಿ ಸ್ಕ್ಯಾನ್. ಮಗುವಿನ ಕುತ್ತಿಗೆಯ ಹಿಂಬದಿಯ ದ್ರವವನ್ನು ಅಳೆದು, ಡಬಲ್ ಮಾರ್ಕರ್ ರಕ್ತಪರೀಕ್ಷೆಯೊಂದಿಗೆ ಸೇರಿಸಿ ಡೌನ್ ಸಿಂಡ್ರೋಮ್ (ಬುದ್ಧಿ, ಬೆಳವಣಿಗೆ ನಿಧಾನವಾಗುವ ಹುಟ್ಟು ತೊಂದರೆ) ಸಾಧ್ಯತೆಯನ್ನು ಲೆಕ್ಕ ಹಾಕುತ್ತಾರೆ. ಆ ದ್ರವ ಆಮೇಲೆ ತಾನಾಗಿ ಕರಗುತ್ತದೆ, ಹಾಗಾಗಿ ವಾರ ತಪ್ಪಿದರೆ ಈ ಪರೀಕ್ಷೆಯೇ ತಪ್ಪಿದಂತೆ. ಹೆರಿಗೆ ದಿನಾಂಕವೂ ಇದರಲ್ಲೇ ನಿಖರವಾಗಿ ಸಿಗುವುದರಿಂದ ಒಂದರಲ್ಲೇ ಎರಡು ಕೆಲಸ ಆಗುತ್ತದೆ.

ನೀರಿನ ವಿಷಯ: ಆರಂಭದ ವಾರಗಳಲ್ಲಿ ಹೊಟ್ಟೆಯ ಮೇಲಿಂದ ನೋಡುವುದಾದರೆ ಒಂದು ಗಂಟೆ ಮೊದಲು ಮೂರು–ನಾಲ್ಕು ಲೋಟ ನೀರು ಕುಡಿಯಿರಿ. ತುಂಬಿದ ಮೂತ್ರಕೋಶ ಕರುಳನ್ನು ಪಕ್ಕಕ್ಕೆ ಸರಿಸಿ ಕಿಟಕಿಯಂತೆ ಕೆಲಸ ಮಾಡುತ್ತದೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಗೆ ಮೂತ್ರ ಮಾಡಿಯೇ ಹೋಗಬೇಕು. ಐದನೇ ತಿಂಗಳಿಗೆ ತಡೆದುಕೊಂಡು ಒದ್ದಾಡುವ ಅಗತ್ಯವಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಹತ್ತಿರದಲ್ಲಿ ಸ್ಕ್ಯಾನಿಂಗ್ ಎಲ್ಲಿ ಸಿಗುತ್ತದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ಐದನೇ ತಿಂಗಳ ವರದಿಯಲ್ಲಿ 'ಮಾಸು ಕೆಳಗಿದೆ' ಎಂದಿದೆ. ಸಿಸೇರಿಯನ್ ಖಚಿತವೇ?
— ಶಿಕ್ಷಕಿ, ಸಾಗರ

ಉತ್ತರ: ಅಲ್ಲ. ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಹೆಚ್ಚಿನವರಲ್ಲಿ ಮಾಸು ಮೇಲೆ ಸರಿಯುತ್ತದೆ. ಮೂತ್ರಕೋಶ ಅತಿಯಾಗಿ ತುಂಬಿದ್ದರೂ ಮೇಲಿದ್ದ ಮಾಸು ಕೆಳಗಿದ್ದಂತೆ ಕಾಣುತ್ತದೆ. 32ನೇ ವಾರಕ್ಕೆ ಮತ್ತೆ ನೋಡಿಸಿ, ಆಗ ಯೋನಿಯ ಮೂಲಕ ಅಳೆದರೆ ಲೆಕ್ಕ ಸರಿ ಸಿಗುತ್ತದೆ, ಅದರಿಂದ ಅಪಾಯವಿಲ್ಲ. ಗರ್ಭಕಂಠದ ಒಳಬಾಯಿಯಿಂದ ಮಾಸಿನ ಅಂಚಿಗೆ 20 ಮಿಲಿಮೀಟರಿಗಿಂತ ಕಡಿಮೆ ಇದ್ದರೆ 36ನೇ ವಾರಕ್ಕೆ ಇನ್ನೊಮ್ಮೆ. ಮಾಸು ಆ ಬಾಯಿಯನ್ನು ಮುಚ್ಚಿಕೊಂಡೇ ಉಳಿದರೆ ಮಾತ್ರ ಸಿಸೇರಿಯನ್ ತಪ್ಪದು. ಅಲ್ಲಿಯವರೆಗೆ ನೋವಿಲ್ಲದೆ ರಕ್ತ ಹೋದರೆ ಕಾಯಬೇಡಿ, ರಕ್ತನಿಧಿ ಇರುವ ಆಸ್ಪತ್ರೆಗೇ ನೇರ ಹೋಗಿ, ಮಾಸು ಕೆಳಗಿದೆ ಎಂದು ಮೊದಲೇ ಹೇಳಿ, ಬೆರಳು ಹಾಕಿ ಪರೀಕ್ಷಿಸಬಾರದು. ಹಿಂದೆ ಸಿಸೇರಿಯನ್ ಆಗಿದ್ದರೆ ಮಾಸು ಆ ಗಾಯದ ಗುರುತಿಗೆ ಆಳವಾಗಿ ಅಂಟಿಕೊಂಡಿದೆಯೇ ಎಂದು ವಿಶೇಷವಾಗಿ ನೋಡಿಸಬೇಕು. ಇದನ್ನು ಕೇಳಲು ಸಂಕೋಚ ಬೇಡ, ಜೀವದ ಪ್ರಶ್ನೆ.

ಪ್ರಶ್ನೆ: 'ಪದೇ ಪದೇ ಕಿರಣ ಬಿಟ್ಟರೆ ಮಗುವಿಗೆ ಕೇಡು' ಎಂದು ಅತ್ತೆ ಹೇಳುತ್ತಾರೆ.
— ಓದುಗರು, ಪುತ್ತೂರು

ಉತ್ತರ: ಕಿರಣವಲ್ಲ, ಶಬ್ದ. ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸುವುದರಿಂದ ಕಿವಿಗೆ ಕೇಳಿಸದು. ಎಕ್ಸ್‌ರೇಗೂ ಇದಕ್ಕೂ ಸಂಬಂಧವಿಲ್ಲ. ಈ ಶಬ್ದ ಗಾಳಿಯಲ್ಲಿ ಅಷ್ಟಾಗಿ ದಾಟದ ಕಾರಣ ಚರ್ಮಕ್ಕೆ ಜೆಲ್ ಹಚ್ಚುತ್ತಾರೆ. ಆದರೆ ಈ ಶಬ್ದ ಅಂಗಾಂಶವನ್ನು ತುಸು ಬಿಸಿ ಮಾಡಬಲ್ಲದು, ಅದರಲ್ಲೂ ಡಾಪ್ಲರ್. ಅದಕ್ಕೇ ಆರಂಭದ ವಾರಗಳಲ್ಲಿ ಕಾರಣವಿಲ್ಲದೆ ಡಾಪ್ಲರ್ ಹಾಕುವುದಿಲ್ಲ. ಮಗುವಿನ ಮುಖದ ಚಿತ್ರಕ್ಕಾಗಿಯೇ ಸ್ಕ್ಯಾನ್ ಮಾಡಿಸುವುದನ್ನೂ ನಾವು ಒಪ್ಪುವುದಿಲ್ಲ. ವೈದ್ಯರು ಕಾರಣ ಹೇಳಿ ಬರೆದದ್ದನ್ನು ಅತ್ತೆಯವರಿಗೆ ವಿವರಿಸಿ, ಮಾಡಿಸಿ.

ಪ್ರಶ್ನೆ: ಲಂಡನ್ನಿನಲ್ಲಿರುವ ನಾದಿನಿಗೆ ಹೆಣ್ಣೋ ಗಂಡೋ ಹೇಳಿದರು. ಇಲ್ಲಿ ಕೇಳಿದ್ದಕ್ಕೆ ವೈದ್ಯರು ಗದರಿದರು.
— ಓದುಗರು, ಮಂಡ್ಯ

ಉತ್ತರ: ಅಲ್ಲಿ ಅದಕ್ಕೆ ನಿಷೇಧವಿಲ್ಲ, ಇಲ್ಲಿ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಿದೆ. ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ ಲಿಂಗ ತಿಳಿಸುವಂತಿಲ್ಲ. ಹೇಳಿದ ವೈದ್ಯರಿಗೂ, ಕೇಳಿದ ಕುಟುಂಬದವರಿಗೂ ಮೂರು ವರ್ಷದವರೆಗೆ ಜೈಲು ಆಗಬಹುದು, ಕೇಳಿದವರಿಗೆ 50,000 ರೂಪಾಯಿವರೆಗೆ ದಂಡವೂ ಇದೆ. ಒತ್ತಾಯಕ್ಕೆ ಒಳಗಾದ ಗರ್ಭಿಣಿಯನ್ನು ಮಾತ್ರ ಕಾಯ್ದೆ ಶಿಕ್ಷಿಸುವುದಿಲ್ಲ. ಗಂಡ ಅಥವಾ ಮನೆಯವರು ಬಲವಂತ ಮಾಡಿದ್ದಾರೆಂದೇ ಮೊದಲು ಭಾವಿಸುತ್ತದೆ. ಸ್ಕ್ಯಾನಿಗೆ ಮುಂಚೆ ನೀವು ಸಹಿ ಹಾಕುವ ನಮೂನೆ 'ಎಫ್'ನಲ್ಲಿ 'ಲಿಂಗ ತಿಳಿಯಲು ಬಯಸುವುದಿಲ್ಲ' ಎಂಬ ಘೋಷಣೆ ಇರುತ್ತದೆ. ಅದನ್ನು ಓದಿಯೇ ಸಹಿ ಹಾಕಿ, ಓದಲು ಬಾರದಿದ್ದರೆ ಓದಿ ಹೇಳುವಂತೆ ಕೇಳಿ.