ಶಾಂಗ್ ಕಥೆಯಲ್ಲ, ಶಿಯಾ ಬಗ್ಗೆ ಮಾತ್ರ ಅನುಮಾನ

ಪ್ರಾಚೀನ ಚೀನಾದಲ್ಲಿ ಪ್ರವಾಹ ತಡೆದ ರಾಜ ಯೂ ಮತ್ತು ಅವನ ಶಿಯಾ ವಂಶ ಕಟ್ಟುಕಥೆಯಾದರೆ, ಆಮೇಲೆ ಬಂದ ಶಾಂಗ್ ವಂಶ ಕೂಡ ಕಥೆನೇ ಅಲ್ವಾ ಅಂತ ಕೇಳಿದ್ದೀರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಯೂ 13 ವರ್ಷ ಕಾಲುವೆ ತೋಡಿಸುತ್ತಾ ಅಲೆದ, ಮನೆ ಮುಂದೆಯೇ ಹಾದುಹೋದರೂ ಒಳಗೆ ಕಾಲಿಡಲಿಲ್ಲ ಅನ್ನೋದು ಚೆಂದದ ಕಥೆ. ಆದರೆ ಶಿಯಾ ಕಾಲದ್ದು ಅನ್ನಬಹುದಾದ ಒಂದು ಬರಹವೂ ಸಿಕ್ಕಿಲ್ಲ. ಹೆನಾನ್‌ನ ಅರ್ಲಿಟೋದಲ್ಲಿ ಅರಮನೆ ಅಡಿಪಾಯ, ಕಂಚಿನ ಪಾತ್ರೆ ಸಿಕ್ಕಿವೆ, ಚೀನಾದ ಬಹಳ ವಿದ್ವಾಂಸರು ಅದೇ ಶಿಯಾ ಅಂತಾರೆ. ಹೆಸರು ಕೆತ್ತಿದ ಚೂರು ಸಿಗುವ ತನಕ ನಾನಂತೂ ಒಪ್ಪಲ್ಲ.

ಶಾಂಗ್ ಹಾಗಲ್ಲ. ಔಷಧಿ ಅಂಗಡಿಯವರು 'ಡ್ರ್ಯಾಗನ್ ಮೂಳೆ' ಅಂತ ಮಾರುತ್ತಿದ್ದ ಹಳೇ ಮೂಳೆಗಳ ಮೇಲೆ ಅಕ್ಷರ ಇದೆ ಅಂತ 1899ರಲ್ಲಿ ವಿದ್ವಾಂಸ ವಾಂಗ್ ಯಿರೊಂಗ್ ಗುರುತಿಸಿದರಂತೆ. 1928ರಿಂದ, ಶಾಂಗ್ ರಾಜರ ಕೊನೆಯ ರಾಜಧಾನಿಯಿದ್ದ ಅನ್ಯಾಂಗ್‌ನಲ್ಲಿ ಅಗೆದಾಗ ಇಂಥವು ರಾಶಿ ರಾಶಿ ಸಿಕ್ಕವು. ಆಮೆ ಚಿಪ್ಪನ್ನೋ ದನದ ಹೆಗಲ ಮೂಳೆಯನ್ನೋ ಕಾಯಿಸಿ, ಬಿಟ್ಟ ಬಿರುಕು ನೋಡಿ ಶಕುನ ಹೇಳುತ್ತಿದ್ದರು, ಕೇಳಿದ ಪ್ರಶ್ನೆಯನ್ನು ಅಲ್ಲೇ ಕೆತ್ತುತ್ತಿದ್ದರು. ಶಾಂಗ್ ರಾಜ ವು ಡಿಂಗ್‌ನ ಹೆಂಡತಿ ಫು ಹಾವೊ ಹೆರಿಗೆ ಬಗ್ಗೆಯೂ ಕೇಳಿದ್ದಾರೆ. ಫಲ ಏನು ಗೊತ್ತಾ? ಒಳ್ಳೆಯದಾಗಲಿಲ್ಲ, ಹೆಣ್ಣು ಮಗು! (ಆಗಲೂ ಅದೇ ಗೋಳು.) ಸೈನ್ಯ ನಡೆಸಿದ ಈ ರಾಣಿಯ ಸಮಾಧಿ, ಕಳ್ಳರ ಕೈ ಸೋಕದೆ, 1976ರಲ್ಲಿ ಅನ್ಯಾಂಗ್‌ನಲ್ಲೇ ಸಿಕ್ಕಿತು.