ನಿಮ್ಮ ‘ಪ್ಲೂವಿ’ ಲೇಖನ ಓದ್ದೆ

ನಮಸ್ಕಾರ. ತೀರ್ಥಹಳ್ಳಿಯಿಂದ ನೀವು ಕಳ್ಸಿದ ಲೇಖನ, ಬೇರೆಬೇರೆ ದೇಶದೋರು ಮಾತಾಡ್ಲಿ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಲಿ ‘ಮಳೆ ಬರೋದು’ ಅನ್ನೋ ಅರ್ಥದ ಪ್ಲೂವಿ ಕ್ರಿಯಾಪದದ ಬಗ್ಗೆ, ಪೂರ್ತಿ ಓದ್ದೆ. ಈಗಿರೋ ಹಾಗೆ ಪತ್ರಿಕೆಲಿ ಹಾಕಕ್ಕಾಗಲ್ಲ, ಬೇಜಾರು ಮಾಡ್ಕೋಬೇಡಿ.

ಮೊದ್ಲು ಈ ಭಾಷೆ ಕಟ್ಟಿದ ಜಾಮೆನ್‌ಹಾಫ್ ಜೀವನಚರಿತ್ರೆ ತೆಗೀರಿ. 1887ರಲ್ಲಿ ವಾರ್ಸಾದ ಒಬ್ಬ ಕಣ್ಣಿನ ಡಾಕ್ಟ್ರು ಈ ಭಾಷೆಯ ಮೊದಲ ಪುಸ್ತಕ ತಂದ್ರು ಅಂದ್ರೆ ಸಾಕು.

ಪ್ರತ್ಯಯ ಎಲ್ಲಾ ಸರಿಯಾಗೇ ಕೊಟ್ಟಿದೀರಿ, ಪ್ಲೂವಸ್ ಅಂದ್ರೆ ಬರ್ತಿದೆ, ಪ್ಲೂವಿಸ್ ಬಂತು, ಪ್ಲೂವೊಸ್ ಮುಂದೆ ಬರುತ್ತೆ, ಪ್ಲೂವುಸ್ ಬರೀ ಊಹೆ. ಆದ್ರೆ ಆಮೇಲೆ ಮಿ ಪ್ಲೂವಸ್, ವಿ ಪ್ಲೂವಸ್, ಲಿ ಪ್ಲೂವಸ್ ಅಂತ ಟೇಬಲ್ ಹಾಕಿದೀರಲ್ಲ, ‘ನಾನು ಮಳೆ ಬರ್ತೀನಿ’ ಅಂತ ಯಾರು ಹೇಳ್ತಾರೆ ಮಾರಾಯ್ರೆ? ನಾನು, ನೀನು, ಅವನು ಯಾರಾದ್ರೂ ರೂಪ ಬದಲಾಗಲ್ಲ ಅಂತ ತೋರ್ಸೋಕೆ ಹೋಗೋದೋ ತಿನ್ನೋದೋ ತಗೊಳ್ಳಿ. ಇದಕ್ಕೆ ಕರ್ತೃವೇ ಬೇಡ, ಪ್ಲೂವಸ್ ಅಂದ್ರೆ ವಾಕ್ಯ ಮುಗೀತು. ನಿಮ್ಮ ‘ಜಿ ಪ್ಲೂವಸ್’ನಲ್ಲಿರೋ ಜಿ ಇಂಗ್ಲಿಷಿನ ‘ಇಟ್ ರೇನ್ಸ್’ ನೋಡಿ ಸೇರ್ಸಿದ್ದು, ಇಲ್ಲಿ ಬೇಡ. ‘ನಾಳೆ ಮಳೆ ಬಂದ್ರೆ’ ಅನ್ನೋದಕ್ಕೂ ಇಂಗ್ಲಿಷ್ ನೋಡ್ಕೊಂಡೇ ‘ಸೆ ಮೊರ್ಗವ್ ಪ್ಲೂವಸ್’ ಅಂದಿದೀರಿ, ಅಲ್ಲಿ ಪ್ಲೂವೊಸ್ ಬೇಕು, ನಾಳೆ ಮಾತು ಅಂದ್ಮೇಲೆ ಭವಿಷ್ಯತ್ತೇ. ಹಾಂ, ಪ್ಲೂವು ಅಂದ್ರೆ ‘ಮಳೆಯೇ ಬಾ’ ಅಲ್ಲ, ‘ಮಳೆ ಬರ್ಲಿ’.

ಇದೆಲ್ಲ ತಿದ್ಬಹುದು ಬಿಡಿ. ನಂಗೆ ತಡ್ಕೊಳ್ಳೋಕಾಗದೇ ಇದ್ದಿದ್ದು ಅಂದ್ರೆ ಮಲೆನಾಡಲ್ಲಿ ಕೂತ್ಕೊಂಡು ಲಂಡನ್ ಮಳೆ ಉದಾಹರಣೆ ಕೊಟ್ಟಿದೀರಿ, ಅದೂ ಬರೀ ಪ್ಲೂವಿ ಒಂದರಲ್ಲೇ ನಿಲ್ಸಿ. ಧಾತುಗೂ ಕೊನೇ ಪ್ರತ್ಯಯಕ್ಕೂ ಮಧ್ಯೆ ‘ಎತ್’ ಸೇರ್ಸಿದ್ರೆ ಪ್ಲುವೇತಸ್, ನಮ್ಮ ಜಿಟಿಜಿಟಿ. ‘ಎಗ್’ ಸೇರ್ಸಿದ್ರೆ ಪ್ಲುವೇಗಸ್, ಜುಲೈನಲ್ಲಿ ಆಗುಂಬೆಲಿ ಹೊಡೆಯುತ್ತಲ್ಲ, ಪಕ್ಕದಲ್ಲಿದ್ದೋರ ಮಾತೂ ಕೇಳ್ಸಲ್ಲ, ಅದು. ಧಾತುಗಿಂತ ಮೊದ್ಲೇ ‘ಎಕ್’ ಬಂದ್ರೆ ಎಕ್‌ಪ್ಲೂವಿಸ್, ಅಂಗಳದಲ್ಲಿ ಅಡಿಕೆ ಹರವಿ ಒಳಗೆ ಕಾಲಿಡೋ ಹೊತ್ತಿಗೆ ಸರಿಯಾಗಿ ಹನಿ ಶುರುವಾಯ್ತು ಅಂತಾರಲ್ಲ, ಅದಕ್ಕೆ ಇದೊಂದೇ ಪದ ಸಾಕು. ಇನ್ನು ‘ಆದ್’ ಹಾಕಿದ್ರೆ ಪ್ಲುವಾದಿಸ್, ಪುನರ್ವಸು ಪುಷ್ಯದಲ್ಲಿ ಹಿಡ್ಕೊಂಡ್ರೆ ಬಿಡದೇ ಸುರಿದು ಬಟ್ಟೆನೆಲ್ಲ ಒಲೆ ಮೇಲೆ ನೇತುಹಾಕೋ ಹಂಗೆ ಮಾಡುತ್ತಲ್ಲ, ಆ ಮಳೆ. ಇದನ್ನ ನಿಮಗಿಂತ ಚೆನ್ನಾಗಿ ಬರೆಯೋರು ಯಾರಿದಾರೆ ಹೇಳಿ? ಆದ್ರೆ ಎಲ್ಲಾನೂ ಒಂದೇ ಪದಕ್ಕೆ ತುರುಕ್ಬೇಡಿ, ವ್ಯಾಕರಣ ಒಪ್ಪಿದ್ರೂ ಓದೋರು ಒಪ್ಪಲ್ಲ.

ಎರಡು ಪುಟದೊಳಗೆ ಮುಗ್ಸಿ. ಟೇಬಲ್ ಬೇಕೇ ಬೇಕಂದ್ರೆ ಚಿಕ್ಕದೊಂದು ಇರ್ಲಿ, ಪದ ಎಲ್ಲಾ ಕನ್ನಡ ಲಿಪಿಲೇ ಕೊಡಿ. ತಿದ್ದಿ ಕಳ್ಸಿದ್ರೆ ಮಳೆಗಾಲದ ಸಂಚಿಕೆಗೇ ತಗೋತೀನಿ.