ಹರಳೆಣ್ಣೆ ಹಾಕಿದರೂ ಕಚ್ಚಾ ತೈಲ ಗಟ್ಟಿಯಾಗುವುದೇಕೆ?

ಪ್ರಶ್ನೆ: ಮೇಣ ಹೆಚ್ಚಿರುವ ಕಚ್ಚಾ ತೈಲಕ್ಕೆ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಹರಳೆಣ್ಣೆ ಬೆರೆಸಿದೆವು. ಪೌರ್ ಪಾಯಿಂಟ್ (ತೈಲ ಇನ್ನೂ ಹರಿಯಬಲ್ಲ ಅತಿ ಕಡಿಮೆ ಉಷ್ಣತೆ) ಒಮ್ಮೆ 33ರಿಂದ 27 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಮರುದಿನ ಅದೇ ಕ್ಯಾನಿನ ತೈಲ 33ರಲ್ಲೇ ನಿಂತಿತು. ಸಸ್ಯಮೂಲದ ಸೇರ್ಪಡೆಗಳನ್ನು ನಂಬಬಹುದೇ?

ಉತ್ತರ: ಮೊದಲು ತೈಲವನ್ನು ಎಷ್ಟು ಕಾಯಿಸಿದ್ದಿರಿ ನೋಡಿಕೊಳ್ಳಿ. 45–50 ಡಿಗ್ರಿಗೇ ನಿಲ್ಲಿಸಿದರೆ ಮೇಣದ ಒಂದು ಪಾಲು ಕರಗದೆ ಉಳಿಯಬಹುದು. ತಣಿಯುವಾಗ ಹೊಸ ಸ್ಫಟಿಕಗಳು ಅದರ ಸುತ್ತಲೇ ಕಟ್ಟಿಕೊಳ್ಳುತ್ತವೆ, ಸೇರ್ಪಡೆಗೆ ಕೆಲಸವೇ ಸಿಗುವುದಿಲ್ಲ. ಹಗುರ ಅಂಶ ಆವಿಯಾಗದಂತೆ ಮುಚ್ಚಿದ ಪಾತ್ರೆಯಲ್ಲಿ 80 ಡಿಗ್ರಿಯವರೆಗೆ ಕಾಯಿಸಿ. ಮೇಣ ಕಾಣಿಸಿಕೊಳ್ಳುವ ಉಷ್ಣತೆಗಿಂತ ಕನಿಷ್ಠ 10 ಡಿಗ್ರಿ ಮೇಲಿರುವಾಗಲೇ ಸೇರ್ಪಡೆ ಹಾಕಿ, ಅರ್ಧ ಗಂಟೆ ಕಲಕಿ, ಪ್ರತಿ ಸಲವೂ ಒಂದೇ ವೇಗದಲ್ಲಿ ತಣಿಸಿ.

ಅಳತೆಗೆ ಟಾಲ್ಯೂಯಿನ್ ಎಂಬ ದ್ರಾವಕದಲ್ಲಿ ಸೇರ್ಪಡೆಯ 10% ದ್ರಾವಣ ಮಾಡಿಟ್ಟುಕೊಳ್ಳಿ. 200 ಗ್ರಾಂ ತೈಲಕ್ಕೆ 2 ಗ್ರಾಂ ದ್ರಾವಣ ಹಾಕಿದರೆ 1000 ಪಿಪಿಎಂ. ಜೊತೆಗೆ ಬರೀ 1.8 ಗ್ರಾಂ ಟಾಲ್ಯೂಯಿನ್ ಹಾಕಿದ ಇನ್ನೊಂದು ಮಾದರಿಯೂ ಇರಲಿ. ಇದನ್ನು ಬಿಡುವವರೇ ಹೆಚ್ಚು; ಟಾಲ್ಯೂಯಿನ್ ಮಾಡಿದ ಕೆಲಸದ ಶ್ರೇಯ ಆಗ ಸೇರ್ಪಡೆಗೆ ಹೋಗುತ್ತದೆ. ಪರೀಕ್ಷೆ 3 ಡಿಗ್ರಿಗೊಮ್ಮೆ ಸೀಸೆ ಓರೆಮಾಡಿ ನೋಡುವಂಥದ್ದು, ಹಾಗಾಗಿ ಒಂದೇ ಮೆಟ್ಟಿಲು ಇಳಿದರೆ ಅದನ್ನು ಫಲಿತಾಂಶವೆಂದು ಬರೆದುಕೊಳ್ಳಬೇಡಿ.

ಇನ್ನು ಹರಳೆಣ್ಣೆ. ಹಸಿ ಎಣ್ಣೆಯಾಗಿ ಅದು ಒಳ್ಳೆಯ ಆಯ್ಕೆಯಲ್ಲ. ಸೇರ್ಪಡೆಯ ನೇರವಾದ ಉದ್ದ ಇಂಗಾಲದ ಸರಪಳಿ ಮೇಣದ ಸ್ಫಟಿಕದೊಳಗೆ ಕೂರಬೇಕು, ಅದರ ಧ್ರುವೀಯ (ಮೇಣದೊಂದಿಗೆ ಬೆರೆಯದ) ತುದಿ ಹೊರಗುಳಿದು ಸ್ಫಟಿಕ ಬೆಳೆಯದಂತೆ ತಡೆಯಬೇಕು. ಹರಳೆಣ್ಣೆಯ ಮುಖ್ಯ ಆಮ್ಲವಾದ ರಿಸಿನೋಲಿಯಿಕ್‌ನಲ್ಲಿ 18 ಇಂಗಾಲವೇನೋ ಇದೆ. ಆದರೆ 12ನೆಯದರ ಮೇಲೆ ಹೈಡ್ರಾಕ್ಸಿಲ್ (OH) ಗುಂಪು, ಅದರ ಹತ್ತಿರದಲ್ಲೇ ದ್ವಿಬಂಧದ ಬಾಗು. ಸಾಲಿನಲ್ಲಿ ಕೂರುವುದೇ ಇಲ್ಲ. ಸಾಲದ್ದಕ್ಕೆ ತಣ್ಣಗಾದಾಗ ಪ್ಯಾರಾಫಿನ್ ತೈಲದಲ್ಲಿ ಸರಿಯಾಗಿ ಬೆರೆಯುವುದೂ ಇಲ್ಲ. ಬೀಜದೆಣ್ಣೆಯ ಆಮ್ಲಗಳಿಂದ 18–22 ಇಂಗಾಲದ ಆಲ್ಕೋಹಾಲ್ ಎಸ್ಟರ್ (ಆಮ್ಲ, ಆಲ್ಕೋಹಾಲ್ ಸೇರಿ ಆಗುವ ವಸ್ತು) ಅಥವಾ ಪಾಲಿಮರ್ ಮಾಡಿ ನೋಡಿ. ಗ್ಯಾಸ್ ಕ್ರೊಮಟೊಗ್ರಫಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಮೇಣದ ಇಂಗಾಲದ ಸಂಖ್ಯೆ ತಿಳಿದುಕೊಂಡು ಸರಪಳಿ ಹೊಂದಿಸುವುದು ಜಾಣತನ. 250ರಿಂದ 2000 ಪಿಪಿಎಂವರೆಗೆ ಪರೀಕ್ಷಿಸಿ. ಅತಿಯಾದರೆ ಎಸ್ಟರೇ ಹೆಪ್ಪುಗಟ್ಟಬಹುದು. ಎಸ್ಟರ್‌ನಲ್ಲಿ ಆಮ್ಲ ಉಳಿದಿದ್ದರೆ ತೈಲದ ಜೊತೆ ಬರುವ ನೀರಿನ ಕ್ಯಾಲ್ಸಿಯಂ ಸೇರಿ ಸಾಬೂನಾಗುತ್ತದೆ, ನೀರು ಬೇರ್ಪಡಿಸುವುದು ಕಷ್ಟವಾಗುತ್ತದೆ.

ಕೊಳವೆ ಮಾರ್ಗಕ್ಕಾದರೆ ಪೌರ್ ಪಾಯಿಂಟ್ ಸಾಲದು, ಯೀಲ್ಡ್ ಸ್ಟ್ರೆಸ್ (ಹೆಪ್ಪುಗಟ್ಟಿದ ತೈಲ ಹರಿಯತೊಡಗಲು ಬೇಕಾದ ಕನಿಷ್ಠ ಒತ್ತಡ) ಕೂಡ ಅಳೆಯಿರಿ. 30 ಸೆಂ.ಮೀ. ಒಳವ್ಯಾಸದ 10 ಕಿ.ಮೀ. ಕೊಳವೆಯಲ್ಲಿ ಹೆಪ್ಪುಗಟ್ಟಿದ ತೈಲದ ಯೀಲ್ಡ್ ಸ್ಟ್ರೆಸ್ 10 ಪಾಸ್ಕಲ್ ಇದ್ದರೆ ಮತ್ತೆ ಹರಿಸಲು ಸುಮಾರು 13 ಬಾರ್ ಒತ್ತಡ ಬೇಕು. 2 ಪಾಸ್ಕಲ್ ಆದರೆ 2.7 ಬಾರ್ ಸಾಕು.